ಶಾಸನ ಕಡತಗಳ ನಿರ್ವಹಣೆಯಲ್ಲಿ ಕೀಲಿಮಣೆ: ಕಡೂರು, ತರೀಕೆರೆ, ಅಜ್ಜಂಪುರ ಪರಿಸರದ ಸಾಮಗ್ರಿಯನ್ನು ಅನುಲಕ್ಷಿಸಿ

1

ಬಿ.ಎಲ್. ರೈಸ್ ಅವರ ಸಂಪಾದಕತ್ವದಲ್ಲಿ 1901ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಆರನೆಯ ಸಂಪುಟವು ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಅಂದಿನ ಕಡೂರು ಜಿಲ್ಲೆಯೇ ಇಂದಿನ ಚಿಕ್ಕಮಗಳೂರು ಜಿಲ್ಲೆ. ಆ ಸಂಪುಟದಲ್ಲಿ ಪ್ರತಿಯೊಂದು ಶಾಸನವನ್ನೂ ಎರಡೇ ಅಂಗಗಳಿಂದ ಗುರುತಿಸಲಾಗಿದೆ: ಒಂದು ತಾಲ್ಲೂಕಿನ ಹೆಸರು, ಇನ್ನೊಂದು ಕ್ರಮಾಂಕ. ‘ತರೀಕೆರೆ 45’ ಎಂದರೆ ಸಾಕು, ಅದು ಜನ್ನ ಕವಿಯ ರಚನೆಯೆಂದು ಸಾಹಿತ್ಯಚರಿತ್ರಕಾರರು ಗುರುತಿಸಿರುವ, ಅಮೃತಾಪುರದ 1197ರ ಶಾಸನವೆಂದು ಈ ಕ್ಷೇತ್ರದ ಅಭ್ಯಾಸಿಗಳಿಗೆ ಅರ್ಥವಾಗುತ್ತದೆ. ನೂರಕ್ಕೂ ಹೆಚ್ಚು ವರ್ಷಗಳಿಂದ ಪ್ರಬಂಧಗಳಲ್ಲಿ, ಅಡಿಟಿಪ್ಪಣಿಗಳಲ್ಲಿ, ತರಗತಿಯ ಪಾಠಗಳಲ್ಲಿ ಈ ಗುರುತು ಚಲಾವಣೆಯಲ್ಲಿದೆ. ಗಣಕಯಂತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದೊಂದು ಒಳ್ಳೆಯ ಕಡತನಾಮ: ಚಿಕ್ಕದು, ಒಂದಕ್ಕೆ ಒಂದೇ, ವಸ್ತು ಎಲ್ಲಿದ್ದರೂ ಬದಲಾಗದುದು.

ಇಂದು ಅದೇ ಶಾಸನವನ್ನು ಕುರಿತು ಕೆಲಸ ಮಾಡುವ ಸಂಶೋಧಕರ ಗಣಕದಲ್ಲಿ ಒಂದು ಕಡತವಿರುವುದಿಲ್ಲ, ಹಲವಿರುತ್ತವೆ. ರೈಸ್ ಅವರ ಪಾಠ, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯ ಪಾಠ, ಕ್ಷೇತ್ರಕಾರ್ಯದಲ್ಲಿ ತೆಗೆದ ಛಾಯಾಚಿತ್ರಗಳು, ಸ್ಥಳದಲ್ಲಿ ಬರೆದ ಟಿಪ್ಪಣಿ, ತಿದ್ದಿದ ಪಾಠ, ಪದಸೂಚಿ — ಹೀಗೆ ಶಾಸನವೊಂದಕ್ಕೆ ಆರು ಕಡತಗಳೆಂದು ಹಿಡಿದರೂ ನೂರು ಶಾಸನಗಳಿಗೆ ಆರುನೂರಾಗುತ್ತವೆ. ಪರಿಷ್ಕೃತ ಆವೃತ್ತಿಯಲ್ಲಿ ಶಾಸನಗಳಿಗೆ ಹೊಸ ಕ್ರಮಾಂಕಗಳು ಬಂದಿರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಇಂತಹ ರಾಶಿಯನ್ನು ಚಿತ್ರರೂಪದ ಪರದೆಯಲ್ಲಿ ಮೌಸ್ ಹಿಡಿದು ಎಳೆದು ಬಿಡುತ್ತ ನಿರ್ವಹಿಸುವುದು ಬಹುಮಂದಿಯ ರೂಢಿ. ಬೆರಳು ಅರೆಗಳಿಗೆ ಸಡಿಲವಾದರೆ ಕಡೂರಿನ ಕಡತವೊಂದು ತರೀಕೆರೆಯ ಕೋಶದೊಳಗೆ ಬೀಳುತ್ತದೆ. ಬಿದ್ದದ್ದು ಗಮನಕ್ಕೂ ಬರುವುದಿಲ್ಲ. ತಿಂಗಳುಗಳ ಅನಂತರ ಅದು ‘ಕಾಣೆಯಾದ ಕಡತ’ವೆನಿಸಿಕೊಳ್ಳುತ್ತದೆ.

ಪಠ್ಯಾಧಾರಿತ ಕಡತ ನಿರ್ವಾಹಕ ಎಂಬ ಹಳೆಯ ಬಗೆಯ ತಂತ್ರಾಂಶವು ಈ ಕೆಲಸಕ್ಕೆ ಹೇಗೆ ಒದಗುತ್ತದೆ, ಅದರಲ್ಲಿ ಸಂಚರಿಸುವ ಕೀಲಿಗಳು ಯಾವುವು, ಕನ್ನಡ ಲಿಪಿಯ ಸಾಮಗ್ರಿಯನ್ನು ಇಟ್ಟುಕೊಂಡಾಗ ಎಲ್ಲಿ ಎಚ್ಚರ ಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಕಡತಗಳಲ್ಲಿ ಪದವೊಂದನ್ನು ಹುಡುಕಿ, ಸಿಗದಿದ್ದಾಗ ‘ಈ ಪ್ರದೇಶದ ಶಾಸನಗಳಲ್ಲಿ ಈ ಪ್ರಯೋಗವಿಲ್ಲ’ ಎಂದು ಬರೆಯುವ ಪರಿಪಾಠ ಬೆಳೆದಿರುವಾಗ, ಹುಡುಕುವ ಉಪಕರಣ ಏನನ್ನು ಕಂಡಿತು, ಏನನ್ನು ಕಾಣಲಿಲ್ಲ ಎಂಬ ತಿಳಿವಳಿಕೆ ಸಂಶೋಧನ ವಿಧಾನದ ಭಾಗವೇ ಆಗುತ್ತದೆ.

2

ಈ ಬಗೆಯ ತಂತ್ರಾಂಶಗಳ ಮೂಲಪುರುಷ ‘ನಾರ್ಟನ್ ಕಮಾಂಡರ್’. ಜಾನ್ ಸೋಚ ಎಂಬ ತಂತ್ರಜ್ಞರು ಬರೆದ ಇದು ಡಾಸ್ ವ್ಯವಸ್ಥೆಗಾಗಿ 1986ರಲ್ಲಿ ಹೊರಬಂದಿತು. ಪರದೆಯನ್ನು ನಡುವೆ ಸೀಳಿ ಎಡಕ್ಕೊಂದು ಬಲಕ್ಕೊಂದು ಫಲಕ, ಪ್ರತಿ ಫಲಕದಲ್ಲೂ ಒಂದು ಕೋಶದ ಕಡತಗಳ ಪಟ್ಟಿ, ಕೆಳಗೆ ಆಜ್ಞೆ ಬರೆಯುವ ಸಾಲು, ಅದರ ಅಡಿಯಲ್ಲಿ ಹತ್ತು ಕಾರ್ಯಕೀಲಿಗಳ ಹೆಸರು. ಈ ವಿನ್ಯಾಸ ಮುಂದೆ ಅನೇಕ ತಂತ್ರಾಂಶಗಳಿಗೆ ಮಾದರಿಯಾಯಿತು. ಲಿನಕ್ಸ್ ಬಳಕೆದಾರರ ‘ಮಿಡ್‌ನೈಟ್ ಕಮಾಂಡರ್’ ಅನ್ನು ಮೆಕ್ಸಿಕೋದ ಮಿಗೆಲ್ ದೆ ಇಕಾಸಾ 1994ರಲ್ಲಿ ಆರಂಭಿಸಿದರು. ವಿಂಡೋಸ್‌ನಲ್ಲಿ ಇದೇ ಕುಲಕ್ಕೆ ಸೇರಿದ ‘ಫಾರ್ ಮ್ಯಾನೇಜರ್’ 1996ರಲ್ಲಿ ಬಂದಿತು. ಅದರ ಮೊದಲ ಕರ್ತೃ ಯೂಜೀನ್ ರೋಶಾಲ್. ಎರಡೂ ಇಂದು ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳು. ಮುಂದಿನ ವಿವರಣೆ ಮಿಡ್‌ನೈಟ್ ಕಮಾಂಡರ್‌ಗೆ ಸಂಬಂಧಿಸಿದುದು. ಮುಖ್ಯ ಕಾರ್ಯಕೀಲಿಗಳು ಮಾತ್ರ ಎರಡಕ್ಕೂ ಸಮಾನ.

ಎರಡು ಫಲಕಗಳ ಈ ಏರ್ಪಾಡು ಗ್ರಂಥಸಂಪಾದನೆಯ ಮೇಜನ್ನು ನೆನಪಿಸುತ್ತದೆ. ಎಡಗಡೆ ಮೂಲಪ್ರತಿ, ಬಲಗಡೆ ತಿದ್ದಿದ ಪ್ರತಿ. ಯಾವುದರಿಂದ ಯಾವುದಕ್ಕೆ ಸಾಮಗ್ರಿ ಹೋಗುತ್ತಿದೆ ಎಂಬುದು ಸದಾ ಕಣ್ಣೆದುರಿಗೆ ಇರುತ್ತದೆ. ಎಳೆದು ಬಿಡುವ ವಿಧಾನದಲ್ಲಿ ಇಲ್ಲದ ಭರವಸೆ ಇದು.

3

ಸಂಚಾರದ ಮೊದಲ ಕೀಲಿ ಟ್ಯಾಬ್. ಅದನ್ನು ಒತ್ತಿದರೆ ಒಂದು ಫಲಕದಿಂದ ಇನ್ನೊಂದಕ್ಕೆ ಹೋಗಬಹುದು. ಬಾಣದ ಕೀಲಿಗಳಿಂದ ಪಟ್ಟಿಯಲ್ಲಿ ಮೇಲೆ ಕೆಳಗೆ, ಹೋಮ್ ಮತ್ತು ಎಂಡ್ ಕೀಲಿಗಳಿಂದ ಪಟ್ಟಿಯ ಆದಿ ಅಂತ್ಯಗಳಿಗೆ ಸಾಗಬಹುದು. ಕೋಶದ ಹೆಸರಿನ ಮೇಲೆ ಎಂಟರ್ ಒತ್ತಿದರೆ ಒಳಹೊಗಬಹುದು. ಪಟ್ಟಿಯ ತಲೆಯಲ್ಲಿರುವ ಎರಡು ಚುಕ್ಕೆಗಳ ಮೇಲೆ ಎಂಟರ್ ಒತ್ತಿದರೆ, ಅಥವಾ ಎಲ್ಲಿದ್ದರೂ ಕಂಟ್ರೋಲ್ ಜೊತೆಗೆ ಪೇಜ್ ಅಪ್ ಒತ್ತಿದರೆ, ಮೇಲಿನ ಕೋಶಕ್ಕೆ ಬರಬಹುದು. ಇಷ್ಟರಿಂದಲೇ ಕೆಲಸ ನಡೆಯುತ್ತದೆ. ಆದರೆ ತರೀಕೆರೆಯ ಕೋಶದಲ್ಲಿ ಐದುನೂರು ಕಡತಗಳಿರುವಾಗ ಬಾಣದ ಕೀಲಿಯನ್ನು ಒತ್ತಿ ಹಿಡಿದು ಕುಳಿತುಕೊಳ್ಳುವುದು ವ್ಯರ್ಥ ಶ್ರಮ. ಕಂಟ್ರೋಲ್ ಮತ್ತು ಎಸ್ ಒತ್ತಿ ಹೆಸರಿನ ಮೊದಲ ಅಕ್ಷರಗಳನ್ನು ಬರೆಯುತ್ತ ಹೋದರೆ ಪಟ್ಟಿಯ ಗುರುತು ತಾನಾಗಿ ಆ ಹೆಸರಿಗೆ ಹಾರುತ್ತದೆ. ಮತ್ತೊಮ್ಮೆ ಅದೇ ಸಂಯೋಜನೆಯನ್ನು ಒತ್ತಿದರೆ ಹೊಂದುವ ಮುಂದಿನ ಹೆಸರಿಗೆ ಹೋಗುತ್ತದೆ. (ತಂತ್ರಾಂಶದಿಂದ ಹೊರಬಂದ ಮೇಲೆ, ಬರಿಯ ಟರ್ಮಿನಲ್‌ನಲ್ಲಿ ಇದೇ ಕಂಟ್ರೋಲ್-ಎಸ್ ಪರದೆಯನ್ನು ಸ್ತಬ್ಧಗೊಳಿಸುತ್ತದೆ. ಗಣಕ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಕಂಟ್ರೋಲ್-ಕ್ಯೂ ಒತ್ತಿದರೆ ಮತ್ತೆ ಚಲಿಸುತ್ತದೆ.)

ಪದೇಪದೇ ಹೋಗಬೇಕಾದ ಕೋಶಗಳಿಗೆ ಒಂದು ಸಿದ್ಧಪಟ್ಟಿ ಮಾಡಿಟ್ಟುಕೊಳ್ಳಬಹುದು. ಕಂಟ್ರೋಲ್ ಜೊತೆಗೆ ಹಿಮ್ಮುಖ ಓರೆಗೀಟನ್ನು ಒತ್ತಿದರೆ ಆ ಪಟ್ಟಿ ತೆರೆದುಕೊಳ್ಳುತ್ತದೆ. ಕಡೂರಿನ ಛಾಯಾಚಿತ್ರಗಳು, ತರೀಕೆರೆಯ ತಿದ್ದಿದ ಪಾಠಗಳು, ಅಜ್ಜಂಪುರದ ಕ್ಷೇತ್ರಟಿಪ್ಪಣಿ ಎಂದು ಮೂರು ನಮೂದುಗಳನ್ನು ಅಲ್ಲಿ ಸೇರಿಸಿದರೆ ಎಷ್ಟೇ ಆಳದ ಕೋಶಕ್ಕೂ ಎರಡೇ ಒತ್ತುಗಳಲ್ಲಿ ತಲುಪಬಹುದು. ಆಲ್ಟ್-ವೈ ಹಿಂದೆ ಭೇಟಿಯಿತ್ತ ಕೋಶಕ್ಕೂ ಆಲ್ಟ್-ಯು ಮುಂದಿನದಕ್ಕೂ ಕರೆದೊಯ್ಯುತ್ತವೆ. ಆಲ್ಟ್-ಐ ಒತ್ತಿದರೆ ಎದುರು ಫಲಕವೂ ಇದೇ ಕೋಶವನ್ನು ತೋರಿಸುತ್ತದೆ; ಕಂಟ್ರೋಲ್-ಯು ಎರಡು ಫಲಕಗಳನ್ನು ಅದಲುಬದಲು ಮಾಡುತ್ತದೆ. ಕಂಟ್ರೋಲ್-ಓ ಫಲಕಗಳನ್ನು ಮರೆಮಾಡಿ ಅವುಗಳ ಹಿಂದಿನ ಟರ್ಮಿನಲ್ ಪರದೆಯನ್ನು ತೋರಿಸುತ್ತದೆ.

ಕಾರ್ಯಕೀಲಿಗಳ ಸಾಲು ನೆನಪಿಡಲು ಸುಲಭ. ಎಫ್ 3 ಓದಲು, ಎಫ್ 4 ತಿದ್ದಲು, ಎಫ್ 5 ನಕಲು ಮಾಡಲು, ಎಫ್ 6 ಸ್ಥಳಾಂತರಿಸಲು, ಎಫ್ 7 ಹೊಸ ಕೋಶ ರಚಿಸಲು, ಎಫ್ 8 ಅಳಿಸಲು, ಎಫ್ 10 ಹೊರಬರಲು. ಕೆಲವು ಟರ್ಮಿನಲ್‌ಗಳಲ್ಲಿ ಎಫ್ 10 ಒತ್ತಿದಾಗ ಟರ್ಮಿನಲ್‌ನದೇ ಪಟ್ಟಿ ತೆರೆಯುವುದುಂಟು. ಆಗ ಎಸ್ಕೇಪ್ ಒತ್ತಿ ಬಿಟ್ಟು ಸೊನ್ನೆಯನ್ನು ಒತ್ತಬೇಕು. ಎಸ್ಕೇಪ್ ಮತ್ತು 5 ಎಂದರೆ ಎಫ್ 5, ಹೀಗೆಯೇ ಉಳಿದವು.

ಇಲ್ಲಿ ಎರಡು ಕೀಲಿಗಳ ಬಗೆಗೆ ವಿಶೇಷ ಎಚ್ಚರ ಬೇಕು. ಎಫ್ 8ರಿಂದ ಅಳಿಸಿದ ಕಡತ ‘ಕಸದ ಬುಟ್ಟಿ’ಗೆ ಹೋಗುವುದಿಲ್ಲ, ನೇರವಾಗಿ ಇಲ್ಲವಾಗುತ್ತದೆ. ಎಫ್ 6 ಹೆಸರು ಬದಲಿಸುವ ಕೀಲಿಯೂ ಹೌದು, ಸ್ಥಳಾಂತರದ ಕೀಲಿಯೂ ಹೌದು. ಎದುರು ಫಲಕದ ವಿಳಾಸವನ್ನು ಅದು ಮೊದಲೇ ತುಂಬಿ ತೋರಿಸುವುದರಿಂದ ಹೆಸರು ಮಾತ್ರ ಬದಲಿಸಹೊರಟವರು ಕಡತವನ್ನೇ ಸಾಗಿಸಿಬಿಡುವ ಸಂಭವವಿದೆ. ಹೆಸರು ಬದಲಾವಣೆಗೆ ಷಿಫ್ಟ್-ಎಫ್ 6 ಸುರಕ್ಷಿತ. ಇನ್ನು ಎಫ್ 5ರಿಂದ ನಕಲು ಮಾಡುವಾಗ ಅದೇ ಹೆಸರಿನ ಕಡತ ಎದುರು ಕೋಶದಲ್ಲಿದ್ದರೆ ಎರಡರ ಗಾತ್ರ ಮತ್ತು ದಿನಾಂಕಗಳನ್ನು ತೋರಿಸಿ ಪ್ರಶ್ನೆ ಕೇಳಲಾಗುತ್ತದೆ. ಆ ದಿನಾಂಕವನ್ನು ಓದದೆ ಒಪ್ಪಿಗೆ ಕೊಡುವ ಆತುರದಲ್ಲಿ ಹಳೆಯ ಪಾಠ ತಿದ್ದಿದ ಪಾಠದ ಮೇಲೆ ಕೂತರೆ ವರ್ಷದ ದುಡಿಮೆ ಹೋದಂತೆ.

ಹಲವು ಕಡತಗಳನ್ನು ಒಟ್ಟಿಗೆ ನಿರ್ವಹಿಸಲು ಅವುಗಳನ್ನು ಮೊದಲು ಗುರುತು ಮಾಡಬೇಕು. ಇನ್ಸರ್ಟ್ ಕೀಲಿ ಒಂದೊಂದನ್ನೇ ಗುರುತಿಸುತ್ತ ಕೆಳಗಿಳಿಯುತ್ತದೆ. ಆಜ್ಞೆಯ ಸಾಲು ಖಾಲಿಯಿದ್ದಾಗ ಅಧಿಕ ಚಿಹ್ನೆಯನ್ನು ಒತ್ತಿದರೆ ಹೆಸರಿನ ಮಾದರಿಯನ್ನು ಕೇಳುತ್ತದೆ. ‘ತರೀ-04*’ ಎಂದು ಕೊಟ್ಟರೆ 040ರಿಂದ 049ರವರೆಗಿನ ಎಲ್ಲ ಕಡತಗಳೂ ಬಣ್ಣ ಬದಲಿಸಿ ನಿಲ್ಲುತ್ತವೆ. ನಕ್ಷತ್ರಚಿಹ್ನೆ ಗುರುತನ್ನು ತಿರುವುಮುರುವು ಮಾಡುತ್ತದೆ. ಹೀಗೆ ಗುರುತಾದವುಗಳ ಮೇಲೆ ಎಫ್ 5 ಅಥವಾ ಎಫ್ 6 ಒಮ್ಮೆಗೇ ಕೆಲಸ ಮಾಡುತ್ತದೆ.

4

ಮೇಲಿನ ಕೀಲಿಗಳಲ್ಲಿ ಎರಡು ಜಾತಿಗಳಿವೆ. ಟ್ಯಾಬ್, ಇನ್ಸರ್ಟ್, ಬಾಣಗಳು, ಎಫ್ ಸಾಲು, ಸಂಖ್ಯಾಫಲಕದ ಚಿಹ್ನೆಗಳು ಒಂದು ಜಾತಿ. ಇವಕ್ಕೆ ಅಕ್ಷರದ ಹಂಗಿಲ್ಲ. ಕಂಟ್ರೋಲ್-ಎಸ್, ಆಲ್ಟ್-ವೈ ಮುಂತಾದವು ಇನ್ನೊಂದು ಜಾತಿ. ಇವು ರೋಮನ್ ಅಕ್ಷರವನ್ನು ಅವಲಂಬಿಸಿವೆ. ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಈ ಭೇದ ಕಾಣಿಸುವುದೇ ಇಲ್ಲ. ಕನ್ನಡದಲ್ಲಿ ಬರೆಯುವವರಿಗೆ ಮೊದಲ ದಿನವೇ ಎದುರಾಗುತ್ತದೆ.

ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿಟ್ಟಾಗ ಎಸ್ ಕೀಲಿ ‘ಸ’ ಎಂಬ ಅಕ್ಷರವನ್ನು ಕಳುಹಿಸುತ್ತದೆ. ಕಂಟ್ರೋಲ್ ಜೊತೆಗೆ ‘ಸ’ ಬಂದರೆ ಅದರ ಹಿಂದೆ ಎಸ್ ಇದೆಯೆಂದು ಕೆಲವು ಟರ್ಮಿನಲ್ ತಂತ್ರಾಂಶಗಳು ಊಹಿಸುತ್ತವೆ, ಕೆಲವು ಊಹಿಸುವುದಿಲ್ಲ. ಆದಕಾರಣ ಕನ್ನಡದಲ್ಲಿ ಪಾಠ ತಿದ್ದುತ್ತ ನಡುನಡುವೆ ಕಡತಗಳ ನಡುವೆ ಓಡಾಡುವವರು ಅಕ್ಷರರಹಿತ ಕೀಲಿಗಳನ್ನು ಮೊದಲು ರೂಢಿಸಿಕೊಳ್ಳುವುದು ಲೇಸು. ಇಂಗ್ಲಿಷ್ ಕೈಪಿಡಿಗಳು ಅಕ್ಷರಸಂಯೋಜನೆಗಳನ್ನು ‘ವೇಗದ ಮಾರ್ಗ’ವೆಂದು ಹೊಗಳುತ್ತವೆ. ಭಾಷೆ ಬದಲಿಸಲು ಒಂದು ಒತ್ತು, ಆಜ್ಞೆಗೆ ಒಂದು, ಮತ್ತೆ ಕನ್ನಡಕ್ಕೆ ಮರಳಲು ಒಂದು ಎಂದು ಲೆಕ್ಕ ಹಾಕಿದರೆ ಆ ವೇಗ ಕನ್ನಡಿಗರ ಪಾಲಿಗೆ ಉಳಿಯುವುದಿಲ್ಲ.

ಕೀಲಿಮಣೆಯ ವಿನ್ಯಾಸದ ಬಗೆಗೂ ಒಂದು ಮಾತು. ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ನಾಡಿನಾದ್ಯಂತ ಹರಡಿತು. ಅದರಲ್ಲಿ ‘ಕಡೂರು’ ಎಂದು ಬರೆಯಲು ಐದೇ ಒತ್ತುಗಳು: ಕೆ, ಡಬ್ಲ್ಯು, ಷಿಫ್ಟ್ ಸಹಿತ ಯು, ಆರ್, ಯು. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಈ ವಿನ್ಯಾಸಕ್ಕೆ ಪರಿಷತ್ತಿನ ಆದ್ಯಕ್ಷರಗಳಿಂದಾದ ‘ಕಗಪ’ ಎಂಬ ಹೆಸರೇ ಇದೆ. ಸ್ವಾರಸ್ಯವೆಂದರೆ ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳಿಗೂ ಅದೇ ಹೆಸರಿನ ವಿನ್ಯಾಸಗಳು ಆ ಪಟ್ಟಿಯಲ್ಲಿವೆ. ಕನ್ನಡದ ಒಂದು ಸಂಸ್ಥೆಯ ಹೆಸರನ್ನು ಹಿಂದಿ ಬರೆಯುವವರೂ ತಮಗರಿವಿಲ್ಲದೆ ಆರಿಸಿಕೊಳ್ಳುತ್ತಾರೆ.

5

ಕಡತಗಳ ಹೆಸರು ಕನ್ನಡದಲ್ಲಿರಬೇಕೆ ಎಂಬುದು ಮುಂದಿನ ಪ್ರಶ್ನೆ. ಇರಬಾರದೆನ್ನಲು ತಾಂತ್ರಿಕ ಅಡ್ಡಿಯಿಲ್ಲ. ಯುನಿಕೋಡ್‌ನ ಪ್ರಚಲಿತ ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು ಬೇಕು. ‘ಕಡೂರು’ ಐದು ಸಂಕೇತಗಳ, 15 ಬೈಟ್‌ಗಳ ಹೆಸರು. ‘ತರೀಕೆರೆ’ ಏಳು ಸಂಕೇತಗಳ, 21 ಬೈಟ್‌ಗಳ ಹೆಸರು. ‘ಅಜ್ಜಂಪುರ’ ಎಂಟು ಸಂಕೇತಗಳ, 24 ಬೈಟ್‌ಗಳ ಹೆಸರು. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್‌ಗಳಾದುದರಿಂದ 85 ಸಂಕೇತಗಳವರೆಗೆ ಅವಕಾಶವಿದೆ. ತೊಡಕಿರುವುದು ಬೇರೆಡೆ. ಪಠ್ಯಪರದೆಯು ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕವನ್ನು ಕೊಡುತ್ತದೆ. ಒತ್ತಕ್ಷರ, ಗುಣಿತಾಕ್ಷರಗಳು ಈ ಚೌಕಕ್ಕೆ ಒಗ್ಗುವುದಿಲ್ಲವಾದ್ದರಿಂದ ಅನೇಕ ಟರ್ಮಿನಲ್‌ಗಳಲ್ಲಿ ಫಲಕದ ಅಂಚುಗೆರೆ ವಕ್ರವಾಗುತ್ತದೆ, ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಓದಲಾಗದು ಎಂದೇನಲ್ಲ, ಆದರೆ ಕಣ್ಣಿಗೆ ತ್ರಾಸ.

ಅದಕ್ಕಿಂತ ಸೂಕ್ಷ್ಮವಾದ ಸಮಸ್ಯೆ, ನೋಡಲು ಒಂದೇ ಆಗಿರುವ ಎರಡು ಹೆಸರುಗಳು ಗಣಕಕ್ಕೆ ಬೇರೆ ಬೇರೆಯಾಗಿರುವುದು. ಈ ಲೇಖನದ ಮೂರು ಊರುಗಳಲ್ಲೇ ಇದಕ್ಕೆ ನಿದರ್ಶನಗಳಿವೆ. ‘ತರೀಕೆರೆ’ಯಲ್ಲಿರುವ ಈಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಇಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಒಡೆದು ಎರಡಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯುನಿಕೋಡ್ ಹೇಳುತ್ತದೆ. ಆದರೆ ಹಳೆಯ ಮ್ಯಾಕ್ ಗಣಕಗಳ ಕಡತವ್ಯವಸ್ಥೆ ಹೆಸರುಗಳನ್ನು ಒಡೆದ ರೂಪದಲ್ಲೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್‌ಗೆ ಬಂದ ‘ತರೀಕೆರೆ’ 24 ಬೈಟ್‌ಗಳದು, ಲಿನಕ್ಸ್‌ನಲ್ಲೇ ಬರೆದ ‘ತರೀಕೆರೆ’ 21 ಬೈಟ್‌ಗಳದು. ಒಂದೇ ಫಲಕದಲ್ಲಿ ಒಂದೇ ಹೆಸರಿನ ಎರಡು ಕೋಶಗಳು ಅಕ್ಕಪಕ್ಕ ಕುಳಿತಿರುವುದನ್ನು ಕಂಡು ದಿಗ್ಭ್ರಮೆಯಾಗಬಹುದು. ‘ಅಜ್ಜಂಪುರ’ದ ತೊಡಕು ಬೇರೆ ಬಗೆಯದು. ಅನುಸ್ವಾರದ ಬದಲು ಕನ್ನಡದ ಸೊನ್ನೆಯ ಅಂಕೆಯನ್ನು ಒತ್ತಿ ‘ಅಜ್ಜ೦ಪುರ’ ಎಂದು ಬರೆದಿರುವುದು ನಮ್ಮ ಗಣಕೀಕೃತ ಪಠ್ಯಗಳಲ್ಲಿ ಅಪರೂಪವೇನಲ್ಲ. ಅಚ್ಚಿನಲ್ಲಿ ವ್ಯತ್ಯಾಸ ಕಾಣದು, ಹುಡುಕಾಟದಲ್ಲಿ ಹೆಸರು ಸಿಗದು. ಮೂರರಲ್ಲಿ ‘ಕಡೂರು’ ಒಂದೇ ನಿರುಪದ್ರವಿ.

ಅಕಾರಾದಿ ಕ್ರಮವೂ ಹೀಗೆಯೇ. ಯುನಿಕೋಡ್ ಸಂಕೇತಾಂಕಗಳಲ್ಲಿ ‘ಳ’ ಅಕ್ಷರವು ‘ಲ’ದ ನಂತರ, ‘ವ’ಕ್ಕಿಂತ ಮೊದಲು ಇದೆ. ಆ ಅಂಕಗಳನ್ನೇ ಅನುಸರಿಸಿದ ಪಟ್ಟಿಯಲ್ಲಿ ‘ಕಳಸ’ ಮೊದಲು, ‘ಕಸಬಾ’ ಅನಂತರ ಬರುತ್ತದೆ. ನಿಘಂಟಿನ ಕ್ರಮ ಇದಕ್ಕೆ ವಿರುದ್ಧ. ಹಳಗನ್ನಡದ ‘ೞ’ ಎಲ್ಲ ವ್ಯಂಜನಗಳ, ಸ್ವರಚಿಹ್ನೆಗಳ ಆಚೆ ಎಲ್ಲೋ ಇದೆ. ಅದಕ್ಕೆ ಯುನಿಕೋಡ್ ಇಟ್ಟ ಅಧಿಕೃತ ಹೆಸರೂ ತಪ್ಪು: ಇಂಗ್ಲಿಷಿನ ಎಫ್ ಧ್ವನಿಯುಳ್ಳ ‘ಫ’ ಎಂದು ದಾಖಲಾಗಿಬಿಟ್ಟಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಪಂಪನ ಕಾಲದ ಅಕ್ಷರವೊಂದು ಗಣಕಕ್ಕೆ ಬಂದಾಗ ಪಡೆದ ನಾಮಕರಣ ಇದು.

ಇವೆಲ್ಲವನ್ನೂ ಗಮನಿಸಿದರೆ ಕಡತಗಳ ಹೆಸರಿಗೆ ರೈಸ್ ಅವರ ಪದ್ಧತಿಯೇ ಇಂದಿಗೂ ಯೋಗ್ಯವೆನಿಸುತ್ತದೆ. ತಾಲ್ಲೂಕಿಗೆ ಒಂದು ಕಿರುಗುರುತು, ಅದರ ಮುಂದೆ ಮೂರು ಸ್ಥಾನಗಳ ಕ್ರಮಾಂಕ, ಬಳಿಕ ಕಡತ ಯಾವ ಬಗೆಯದೆಂಬ ಸೂಚನೆ. ‘ತರೀ-045-ಪಾಠ’, ‘ತರೀ-045-ಚಿತ್ರ’ ಎಂಬಂತೆ. ಸ್ಥಾನಗಳನ್ನು ಸೊನ್ನೆಯಿಂದ ತುಂಬದಿದ್ದರೆ 1ರ ನಂತರ 10, 100 ಬಂದು 2 ಎಲ್ಲೋ ಕೆಳಗಿಳಿಯುತ್ತದೆ. ಕಿರುಗುರುತನ್ನು ರೋಮನ್ ಲಿಪಿಯಲ್ಲಿ ಇಟ್ಟರೆ ಅಂಚುಗೆರೆಯ ತೊಂದರೆಯೂ ಕೀಲಿಮಣೆ ಬದಲಿಸುವ ತೊಂದರೆಯೂ ತಪ್ಪುತ್ತವೆ. ಹೆಸರಿನಲ್ಲಿ ಅಲ್ಲ, ಒಳಗಿನ ಪಠ್ಯದಲ್ಲಿ ಕನ್ನಡ ಶುದ್ಧವಾಗಿರುವುದು ಮುಖ್ಯ.

6

ಅಜ್ಜಂಪುರದ ವಿಷಯದಲ್ಲಿ ಒಂದು ವಿಶೇಷ ಪ್ರಶ್ನೆ ಏಳುತ್ತದೆ. ರೈಸ್ ಅವರ ಸಂಪುಟದಲ್ಲಿ ಅಜ್ಜಂಪುರ ಎಂಬ ತಾಲ್ಲೂಕು ಇಲ್ಲ. ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದ ಅದು ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಆದುದರಿಂದ ‘ತರೀಕೆರೆ’ ಎಂಬ ಗುರುತಿನ ಕೆಲವು ಶಾಸನಗಳ ಊರುಗಳು ಈಗ ಆಡಳಿತದ ದೃಷ್ಟಿಯಿಂದ ಅಜ್ಜಂಪುರ ತಾಲ್ಲೂಕಿಗೆ ಸೇರಿವೆ. ಕಡತಗಳ ಹೆಸರನ್ನು ಬದಲಿಸಬೇಕೆ?

ಬದಲಿಸಿದರೆ ನೂರು ವರ್ಷಗಳ ಉಲ್ಲೇಖಗಳ ಕೊಂಡಿ ಕಳಚುತ್ತದೆ. ಬದಲಿಸದಿದ್ದರೆ ಅಜ್ಜಂಪುರ ತಾಲ್ಲೂಕಿನ ಶಾಸನಗಳನ್ನು ಒಟ್ಟಾಗಿ ನೋಡಬಯಸುವ ಸ್ಥಳೀಯ ಚರಿತ್ರೆಯ ಅಭ್ಯಾಸಿಗೆ ಅವು ಕಾಣಸಿಗುವುದಿಲ್ಲ. ನಕಲು ಮಾಡಿ ಎರಡು ಕಡೆ ಇಟ್ಟರೆ ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ಹೋಗದೆ ಪಾಠಾಂತರಗಳು ನಮ್ಮ ಕೈಯಿಂದಲೇ ಹುಟ್ಟುತ್ತವೆ. ಇದಕ್ಕೆ ಕಡತ ನಿರ್ವಾಹಕದಲ್ಲಿ ಒಂದು ಪರಿಹಾರವಿದೆ. ಎಡ ಫಲಕದಲ್ಲಿ ತರೀಕೆರೆಯ ಕೋಶವನ್ನೂ ಬಲ ಫಲಕದಲ್ಲಿ ಅಜ್ಜಂಪುರದ ಕೋಶವನ್ನೂ ತೆರೆದು, ಬೇಕಾದ ಕಡತದ ಮೇಲೆ ನಿಂತು, ಕಂಟ್ರೋಲ್-ಎಕ್ಸ್ ಒತ್ತಿ ಬಿಟ್ಟು ಎಸ್ ಒತ್ತಬೇಕು. ಎದುರು ಕೋಶದಲ್ಲಿ ಆ ಕಡತಕ್ಕೆ ಒಂದು ಸಾಂಕೇತಿಕ ಕೊಂಡಿ ಏರ್ಪಡುತ್ತದೆ. ಕಡತ ಇರುವುದು ಒಂದೇ. ಎರಡು ಕೋಶಗಳಲ್ಲಿ ಕಾಣುತ್ತದೆ. ಯಾವ ಕಡೆಯಿಂದ ತೆರೆದು ತಿದ್ದಿದರೂ ತಿದ್ದುಪಡಿ ಒಂದಕ್ಕೇ ಆಗುತ್ತದೆ. ಕೊಂಡಿಯನ್ನು ಅಳಿಸಿದರೆ ಮೂಲಕಡತಕ್ಕೆ ಬಾಧೆಯಿಲ್ಲ. ಆದರೆ ಸಾಮಾನ್ಯ ಪೆನ್ ಡ್ರೈವ್‌ಗಳ ಕಡತವ್ಯವಸ್ಥೆ ಇಂತಹ ಕೊಂಡಿಗಳನ್ನು ಉಳಿಸಿಕೊಳ್ಳುವುದಿಲ್ಲ ಎಂಬುದನ್ನು ಮರೆಯಬಾರದು.

7

ಹುಡುಕಾಟದ ಕೀಲಿ ಆಲ್ಟ್ ಮತ್ತು ಪ್ರಶ್ನಾರ್ಥಕ ಚಿಹ್ನೆ. ಅದು ತೆರೆಯುವ ಚೌಕಟ್ಟಿನಲ್ಲಿ ಯಾವ ಕೋಶದಿಂದ, ಯಾವ ಹೆಸರಿನ ಮಾದರಿಯಲ್ಲಿ, ಯಾವ ಒಳಪಠ್ಯವನ್ನು ಹುಡುಕಬೇಕೆಂದು ನಮೂದಿಸಬೇಕು. ಮೂರೂ ತಾಲ್ಲೂಕುಗಳ ಪಾಠಗಳಲ್ಲಿ ‘ಬಿತ್ತುವಟ್ಟ’ ಎಂಬ ಪದ ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಲು ಅದನ್ನು ಒಳಪಠ್ಯದ ಸ್ಥಾನದಲ್ಲಿ ಬರೆದರೆ ಸಾಕು. ಸಿಕ್ಕ ಕಡತಗಳ ಪಟ್ಟಿಯನ್ನು ‘ಪೆನಲೈಜ್’ ಎಂಬ ಗುಂಡಿಯಿಂದ ಫಲಕಕ್ಕೆ ತಂದು, ನಕ್ಷತ್ರಚಿಹ್ನೆಯಿಂದ ಎಲ್ಲವನ್ನೂ ಗುರುತಿಸಿ, ಎಫ್ 5ರಿಂದ ಹೊಸ ಕೋಶಕ್ಕೆ ನಕಲಿಸಿಕೊಳ್ಳಬಹುದು. ಕೆರೆಗಳ ಕುರಿತ ಪ್ರಬಂಧಕ್ಕೆ ಬೇಕಾದ ಆಕರ ಕೆಲವೇ ಕ್ಷಣಗಳಲ್ಲಿ ಒಂದೆಡೆ ಸೇರುತ್ತದೆ.

ಅಪಾಯವಿರುವುದು ಈ ಸುಲಭತೆಯಲ್ಲೇ. ಯಾವ ಕಡತವೂ ಸಿಗಲಿಲ್ಲವೆಂದುಕೊಳ್ಳೋಣ. ಪದ ಇಲ್ಲವೆಂದೇ ಅರ್ಥವೆ?

1990ರ ದಶಕದಿಂದ ಕನ್ನಡದಲ್ಲಿ ಬೆರಳಚ್ಚಾದ ಸಾಮಗ್ರಿಯ ಬಹುಭಾಗ ಯುನಿಕೋಡ್‌ನಲ್ಲಿಲ್ಲ. ಶ್ರೀಲಿಪಿ, ಬರಹ, ನುಡಿ ಮುಂತಾದ ತಂತ್ರಾಂಶಗಳು ಆ ಕಾಲದಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಸಂಕೇತಗಳ ಸ್ಥಾನದಲ್ಲಿ ಕೂರಿಸಿ ಕೆಲಸ ಸಾಧಿಸಿದವು. ಅಂದಿನ ಪರಿಸ್ಥಿತಿಯಲ್ಲಿ ಅದು ಅನಿವಾರ್ಯವೂ ಉಪಕಾರಕವೂ ಆಗಿತ್ತು. ಆ ತಂತ್ರಾಂಶಗಳಿಲ್ಲದಿದ್ದರೆ ಕನ್ನಡ ವಿಭಾಗಗಳ ಪ್ರಬಂಧಗಳು ಗಣಕಕ್ಕೆ ಏರುತ್ತಲೇ ಇರಲಿಲ್ಲ. ಆದರೆ ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದ ಗಣಕದ ಒಳಗೆ ಇರುವುದು ಹೀಗೆ: ರೋಮನ್ನಿನ ಪಿ, ಮೇಲ್ಗುರುತುಳ್ಳ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಲಿಪಿಯ ಜೋಡಿ ಎಸ್, ಕ್ಯೂ, ಮತ್ತೊಮ್ಮೆ ಅದೇ ಎ. ನುಡಿ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದಾಗ ಕಾಣುವ ಆ ಗೊಂದಲದ ಸಾಲು ಎಲ್ಲ ಅಧ್ಯಾಪಕರಿಗೂ ಪರಿಚಿತವಾದುದೇ. ಅಂತಹ ಕಡತದಲ್ಲಿ ಯುನಿಕೋಡ್‌ನ ‘ಬಿತ್ತುವಟ್ಟ’ವನ್ನು ಹುಡುಕಿದರೆ ಸಿಗುವುದು ಶೂನ್ಯ. ಪದ ಕಡತದಲ್ಲಿದೆ, ಶಾಸನದಲ್ಲಿದೆ, ಕಲ್ಲಿನ ಮೇಲಿದೆ. ಹುಡುಕಾಟದ ಫಲದಲ್ಲಿ ಮಾತ್ರ ಇಲ್ಲ.

ಕಡತ ಯಾವ ಸಂಕೇತದಲ್ಲಿದೆಯೆಂದು ನಿರ್ಧರಿಸಲು ಪಠ್ಯಾಧಾರಿತ ಕಡತ ನಿರ್ವಾಹಕ ಅತ್ಯಂತ ನೇರವಾದ ಉಪಾಯವನ್ನು ಒದಗಿಸುತ್ತದೆ. ಕಡತದ ಮೇಲೆ ಎಫ್ 3 ಒತ್ತಿ, ಒಳಗೆ ಎಫ್ 4 ಒತ್ತಿದರೆ ಅಕ್ಷರಗಳ ಬದಲು ಬೈಟ್‌ಗಳ ಅಂಕಗಳು ಕಾಣುತ್ತವೆ. ಯುನಿಕೋಡ್ ಕನ್ನಡವಾದರೆ ಪ್ರತಿ ಅಕ್ಷರವೂ ‘ಇ0 ಬಿ2’ ಅಥವಾ ‘ಇ0 ಬಿ3’ ಎಂಬ ಜೋಡಿಯಿಂದ ಆರಂಭವಾಗುತ್ತದೆ. ಪರದೆಯ ತುಂಬ ಈ ಜೋಡಿಗಳು ಮರುಕಳಿಸುವುದನ್ನು ಒಂದು ನೋಟದಲ್ಲೇ ಗುರುತಿಸಬಹುದು. ಅವು ಇಲ್ಲವೆಂದರೆ ಅದು ಹಳೆಯ ಸಂಕೇತದ ಕಡತ. ಹಿಂದೆ ಹೇಳಿದ ಅನುಸ್ವಾರ-ಸೊನ್ನೆಗಳ ಗೊಂದಲವೂ ಇಲ್ಲಿ ಬಯಲಾಗುತ್ತದೆ: ಅನುಸ್ವಾರ ‘ಇ0 ಬಿ2 82’, ಸೊನ್ನೆ ‘ಇ0 ಬಿ3 ಎ6’. ಫಾಂಟ್ ಮರೆಮಾಚುವುದನ್ನು ಬೈಟ್ ಮರೆಮಾಚುವುದಿಲ್ಲ. ಈ ಪರೀಕ್ಷೆ ಸರಳ ಪಠ್ಯದ ಕಡತಗಳಿಗೆ ಅನ್ವಯಿಸುತ್ತದೆ. ವರ್ಡ್ ಕಡತಗಳನ್ನು ಮೊದಲು ಸರಳ ಪಠ್ಯವಾಗಿ ಉಳಿಸಿಕೊಳ್ಳಬೇಕು.

ಹಳೆಯ ಕಡತಗಳನ್ನು ಯುನಿಕೋಡ್‌ಗೆ ತರುವ ಪರಿವರ್ತಕಗಳು ಸಾಕಷ್ಟಿವೆ. ಅವುಗಳ ಫಲಿತಾಂಶವನ್ನು ಶಾಸನಪಾಠದ ವಿಷಯದಲ್ಲಿ ಕಣ್ಣು ಮುಚ್ಚಿ ನಂಬುವಂತಿಲ್ಲ. ನುಡಿಯ ಕಡತಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಸ್ಥಾನದಲ್ಲೇ, ಅಂದರೆ ವ್ಯಂಜನದ ನಂತರ ದಾಖಲಾಗಿರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ‘ಧರ್ಮ’, ‘ಸರ್ವಬಾಧಾಪರಿಹಾರ’ದಂತಹ ಪದಗಳಲ್ಲಿ ಪರಿವರ್ತಕ ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡಿದೆಯೆ ಎಂದು ನೋಡಬೇಕು. ‘ೞ’, ‘ಱ’ಗಳನ್ನು ಬೆರಳಚ್ಚಿಸಿದವರು ಏನನ್ನು ಒತ್ತಿದ್ದರೆಂಬುದೂ ಕಡತದಿಂದ ಕಡತಕ್ಕೆ ಭಿನ್ನ. ಕಡೂರಿನ ಪಾಂಬಬ್ಬೆಯ ಶಾಸನದಂತಹ, ಕ್ರಿ.ಶ. 971ರ ಕಾಲದ ಪಾಠಗಳಲ್ಲಿ ಇವು ತಪ್ಪಿದರೆ ಭಾಷಾಚರಿತ್ರೆಯ ಸಾಕ್ಷ್ಯವೇ ತಪ್ಪುತ್ತದೆ.

ಯುನಿಕೋಡ್ ಆದ ಮೇಲೂ ಕಾಗುಣಿತದ ವೈವಿಧ್ಯ ಉಳಿಯುತ್ತದೆ. ಶಾಸನಗಳಲ್ಲಿ ಅನುಸ್ವಾರ ಮತ್ತು ವರ್ಗಾನುನಾಸಿಕಗಳು ಪರಸ್ಪರ ಬದಲಾಗಿ ಬರುತ್ತವೆ. ಹುಡುಕಾಟದ ಚೌಕಟ್ಟಿನಲ್ಲಿ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂಬ ಆಯ್ಕೆಯನ್ನು ಗುರುತಿಸಿ, ‘ದಂಡ|ದಣ್ಡ’ ಎಂದು ನಡುವೆ ನಿಲುಗೆರೆ ಹಾಕಿ ಕೊಟ್ಟರೆ ಎರಡೂ ರೂಪಗಳು ಸಿಗುತ್ತವೆ. ಪ್ರಬಂಧದಲ್ಲಿ ‘ಪ್ರಯೋಗವಿಲ್ಲ’ ಎಂದು ಬರೆಯುವ ಮುನ್ನ ಯಾವ ಯಾವ ರೂಪಗಳನ್ನು, ಎಷ್ಟು ಕಡತಗಳಲ್ಲಿ, ಯಾವ ಸಂಕೇತದಲ್ಲಿ ಹುಡುಕಲಾಯಿತು ಎಂಬುದನ್ನು ಒಂದು ಸಾಲಿನಲ್ಲಿ ದಾಖಲಿಸುವುದು, ಹಸ್ತಪ್ರತಿಗಳ ವಿವರ ಕೊಡುವಷ್ಟೇ ಅಗತ್ಯ.

8

ಕ್ಷೇತ್ರಕಾರ್ಯದಿಂದ ಮರಳಿದ ದಿನದ ಕೆಲಸವೊಂದು ಉಳಿದಿದೆ. ಕ್ಯಾಮೆರಾದ, ಪೆನ್ ಡ್ರೈವ್‌ನ ಕಡತಗಳನ್ನು ಗಣಕದ ಕಡತಗಳೊಂದಿಗೆ ಹೋಲಿಸಬೇಕು. ಎರಡು ಫಲಕಗಳಲ್ಲಿ ಎರಡು ಕೋಶಗಳನ್ನು ತೆರೆದು ಕಂಟ್ರೋಲ್-ಎಕ್ಸ್ ಒತ್ತಿ ಬಿಟ್ಟು ಡಿ ಒತ್ತಿದರೆ ಹೋಲಿಕೆಯ ವಿಧಾನವನ್ನು ಕೇಳುತ್ತದೆ. ಗಾತ್ರ ಮತ್ತು ದಿನಾಂಕವನ್ನಷ್ಟೇ ನೋಡುವ ಶೀಘ್ರ ವಿಧಾನ, ಗಾತ್ರವನ್ನಷ್ಟೇ ನೋಡುವ ವಿಧಾನ, ಬೈಟ್ ಬೈಟ್ ಹೋಲಿಸುವ ಪೂರ್ಣ ವಿಧಾನ ಎಂದು ಮೂರು ಬಗೆ. ಪಾಠದ ಕಡತಗಳಿಗೆ ಪೂರ್ಣ ವಿಧಾನವೇ ತಕ್ಕುದು; ಒಂದು ಅಕ್ಷರವನ್ನು ಇನ್ನೊಂದರಿಂದ ತಿದ್ದಿದಾಗ ಗಾತ್ರ ಬದಲಾಗದೆ ಉಳಿಯಬಹುದು. ಭಿನ್ನವಾದವು ಎರಡೂ ಕಡೆ ಗುರುತಾಗಿ ನಿಲ್ಲುತ್ತವೆ. ‘ತರೀಕೆರೆ’ ಎಂಬ ಹೆಸರಿನ ಕಡತವೊಂದು ಎರಡು ಫಲಕಗಳಲ್ಲೂ ಇದ್ದು, ಎರಡು ಕಡೆಯೂ ‘ಎದುರಿಗೆ ಇಲ್ಲದುದು’ ಎಂದು ಗುರುತಾಗಿದ್ದರೆ ಅದು ತಂತ್ರಾಂಶದ ದೋಷವಲ್ಲ; ಒಂದರ ಈಕಾರ ಒಡೆದಿದೆ. ಷಿಫ್ಟ್-ಎಫ್ 6 ಒತ್ತಿ ಆ ಹೆಸರನ್ನು ಹೊಸದಾಗಿ ಬರೆದು, ಮತ್ತೊಮ್ಮೆ ಹೋಲಿಸಿ, ಗುರುತು ಉಳಿದವುಗಳನ್ನು ಎಫ್ 3ರಿಂದ ಒಂದೊಂದಾಗಿ ತೆರೆದು ನೋಡಿದ ಬಳಿಕವೇ ಎಫ್ 5ನ್ನು ಒತ್ತಬೇಕು.